ತೊರವಿಯ ದಾರಿಯಲ್ಲಿ: ವಿಜಯಪುರ ಮತ್ತು ಅಕ್ಕಮಹಾದೇವಿಯ ಹೆಸರಿನ ವಿಶ್ವವಿದ್ಯಾಲಯ

ಶುಕ್ರವಾರ

ವಿಜಯಪುರಕ್ಕೆ ಬರುವ ಹೆಚ್ಚಿನ ಪ್ರವಾಸಿಗರು ಬೆಳಗ್ಗೆ ಗೋಳಗುಮ್ಮಟದ ಮುಂದೆ ಇಳಿದು, ಮಧ್ಯಾಹ್ನ ಇಬ್ರಾಹಿಂ ರೋಜಾದಲ್ಲಿ ಫೋಟೊ ತೆಗೆದುಕೊಂಡು, ಸಂಜೆಯ ಹೊತ್ತಿಗೆ ಆಲಮಟ್ಟಿಗೋ ಬಾದಾಮಿಗೋ ಹೊರಟುಬಿಡುತ್ತಾರೆ. ಆ ಊರಿಗೆ ಅಷ್ಟು ಸಾಲದು ಎಂಬುದು ನನ್ನ ಬಹುದಿನಗಳ ಅಭಿಪ್ರಾಯ. ಈ ಸಂಕ್ರಾಂತಿಯ ನಂತರ ತಂಗಿಯ ಜೊತೆ ಅಲ್ಲಿ ಕೆಲವು ದಿನ ನಿಲ್ಲುವ ಅವಕಾಶ ಸಿಕ್ಕಿತು. ತಂಗಿಯ ಮಗಳು ಅಲ್ಲಿಯ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಕೊನೆಯ ವರ್ಷದಲ್ಲಿದ್ದಾಳೆ. ಮಗಳು ಓದುವ ಜಾಗವನ್ನು ತಂಗಿ ಒಮ್ಮೆಯೂ ಕಂಡಿರಲಿಲ್ಲ. ಓದು ಮುಗಿದ ಕೂಡಲೇ ಮಗಳನ್ನು ಊರಿಗೆ ಕರೆತರಬೇಕೆಂಬ ಯೋಚನೆಯೂ ಅವಳ ಮನಸ್ಸಿನಲ್ಲಿ ಗಟ್ಟಿಯಾಗಿತ್ತು.

ಬೈಲಹೊಂಗಲದಿಂದ ಹೊರಟ ನಾವು ಯರಗಟ್ಟಿ, ಲೋಕಾಪುರ, ಮುಧೋಳದ ಮೇಲೆ ಹಾಯ್ದು ಜಮಖಂಡಿ ಸೇರಿದೆವು. ಮುಧೋಳದಿಂದ ಮುಂದೆ ರಸ್ತೆಯ ಎರಡೂ ಬದಿಗೆ ಕಬ್ಬು, ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು, ಕಾರ್ಖಾನೆಯ ಕಡೆಯಿಂದ ಬರುವ ಕಾಕಂಬಿಯ ಕಟು ವಾಸನೆ. ಕಬ್ಬಿನ ಹಂಗಾಮಿನಲ್ಲಿ ಈ ದಾರಿಯಲ್ಲಿ ಬರುವವರು ಕತ್ತಲಾಗುವ ಮೊದಲೇ ಪ್ರಯಾಣ ಮುಗಿಸುವುದು ಒಳ್ಳೆಯದು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳಿಗೆ ಹಿಂಬದಿಯಲ್ಲಿ ದೀಪವಿರುವುದು ಅಪರೂಪ.

ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಯನ್ನು ದಾಟುವಾಗ ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟಿನಲ್ಲಿದ್ದ ಹಿರಿಯರೊಬ್ಬರು ತಾವಾಗಿಯೇ ಕೈ ತೋರಿಸಿ, ‘ಅದ ನೋಡ್ರಿ, ರೈತರು ಕಟ್ಟಿದ್ದು’ ಎಂದರು. 1989ರಲ್ಲಿ ಈ ಭಾಗದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಕೂಡಿಸಿ, ತಾವೇ ದುಡಿದು ಕಟ್ಟಿಕೊಂಡ ಬ್ಯಾರೇಜು ಅದು. ಶ್ರಮಬಿಂದು ಸಾಗರ ಎಂಬ ಹೆಸರು ಅದಕ್ಕೆ ಒಪ್ಪುತ್ತದೆ. ಆ ಹಿರಿಯರು ಕಟ್ಟುವ ದಿನಗಳಲ್ಲಿ ಎಳೆಯ ವಯಸ್ಸಿನವರಾಗಿದ್ದು, ಕಲ್ಲು ಹೊರುವ ಕೆಲಸಕ್ಕೆ ಅಣ್ಣನ ಜೊತೆ ಬರುತ್ತಿದ್ದರಂತೆ. ಮಾತು ಮುಗಿಯುವಷ್ಟರಲ್ಲಿ ನದಿ ಹಿಂದೆ ಉಳಿದು, ನೆಲದ ಬಣ್ಣವೇ ಬದಲಾಗಿತ್ತು. ಕಪ್ಪು ಎರೆಹೊಲ, ಕಣ್ಣು ಹಾಯುವವರೆಗೂ ತೆನೆಗಟ್ಟಿದ ಬಿಳಿಜೋಳ, ನಡುನಡುವೆ ತೊಗರಿಯ ರಾಶಿ, ಬಾಬಲೇಶ್ವರದ ಆಚೀಚೆ ದ್ರಾಕ್ಷಿಯ ಹಂದರಗಳು.

ಊರು ಮುಟ್ಟಿದಾಗ ಬಿಸಿಲು ಇಳಿದಿತ್ತು. ವಸತಿಗೆ ಬಸ್ ನಿಲ್ದಾಣದ ಸುತ್ತಲೇ ಸಾಕಷ್ಟು ಅನುಕೂಲವಿದೆ, ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ. ಬ್ಯಾಗು ಇಟ್ಟು, ಮುಖ ತೊಳೆದುಕೊಂಡು ಬಾರಾಕಮಾನಿಗೆ ನಡೆದೇ ಹೋದೆವು. ಈ ಊರಿನಿಂದ ಆಳಿದ ಆದಿಲಶಾಹಿ ಸುಲ್ತಾನರಲ್ಲಿ ಒಬ್ಬನಾದ ಎರಡನೆಯ ಅಲಿ ಆದಿಲಶಾಹ ತನ್ನ ಸಮಾಧಿಗೆಂದು ಕಟ್ಟಿಸಲು ತೊಡಗಿದ ಕಟ್ಟಡ ಅದು. 1672ರಲ್ಲಿ ಅವನು ತೀರಿಕೊಂಡ ಮೇಲೆ ಚಾವಣಿಯಿಲ್ಲದೆ, ಕಪ್ಪು ಕಲ್ಲಿನ ಕಮಾನುಗಳ ಮಟ್ಟಕ್ಕೇ ನಿಂತುಹೋಯಿತು. ಸಂಜೆ ಅಲ್ಲಿ ಊರಿನ ಕುಟುಂಬಗಳು ಮಕ್ಕಳನ್ನು ಆಡಲು ಬಿಟ್ಟು ಹುಲ್ಲಿನ ಮೇಲೆ ಕೂತಿರುತ್ತವೆ. ಕಮಾನುಗಳ ನಡುವೆ ಆಕಾಶ ಬಣ್ಣ ಬದಲಿಸುವುದನ್ನು ನೋಡುತ್ತ ನಾವೂ ಕೂತೆವು. ಪೂರ್ತಿಯಾಗಿದ್ದರೆ ಇದು ಗೋಳಗುಮ್ಮಟವನ್ನು ಮೀರಿಸುತ್ತಿತ್ತೆಂದು ಊರವರು ಹೇಳುತ್ತಾರೆ. ಆದರೆ ಈಗಿರುವ ರೂಪದಲ್ಲೇ ಇದು ನನಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಕಮಾನನ್ನು ಹೇಗೆ ಎಬ್ಬಿಸುತ್ತಿದ್ದರು, ಕಲ್ಲಿಗೆ ಕಲ್ಲು ಹೇಗೆ ಕೂಡುತ್ತಿತ್ತು ಎಂಬುದೆಲ್ಲ ಮರೆಯಿಲ್ಲದೆ ಕಾಣುವುದು ಇಲ್ಲಿಯೇ.

ರಾತ್ರಿ ಖಾನಾವಳಿಯೊಂದರಲ್ಲಿ ಊಟ. ಒಲೆಯ ಮುಂದೆ ಕೂತ ತಾಯಿಯೊಬ್ಬರು ಬಡಿದು ಬಡಿದು ಹಾಕುತ್ತಿದ್ದ ಜೋಳದ ರೊಟ್ಟಿ ತಟ್ಟೆಗೆ ಬರುವಾಗ ಇನ್ನೂ ಉಬ್ಬಿಯೇ ಇತ್ತು. ಜೊತೆಗೆ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಕಚ್ಚಲು ಹಸಿ ಉಳ್ಳಾಗಡ್ಡಿ. ನಮ್ಮ ಬೈಲಹೊಂಗಲದ ರೊಟ್ಟಿಗಿಂತ ಇದರ ಬಿಳುಪೂ ಸಿಹಿಯೂ ಒಂದು ತೂಕ ಹೆಚ್ಚು ಎಂದು ತಂಗಿ ಒಪ್ಪಿಕೊಂಡಳು. ‘ಹಿಂಗಾರಿ ಮಾಲದಂಡಿ ಜ್ವಾಳರಿ, ಮಳಿ ನೀರಿನ ಬೆಳಿ ಅಲ್ರಿ, ಇಬ್ಬನಿ ಮ್ಯಾಲ ಬೆಳದದ್ದು’ ಎಂದು ಆ ತಾಯಿ ಒಲೆಯ ಮುಂದಿನಿಂದಲೇ ಕಾರಣ ಹೇಳಿದರು.

ಶನಿವಾರ

ಗೋಳಗುಮ್ಮಟಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಬಿಸಿಲೇರಿದ ಮೇಲೆ ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಂತವೆಂದರೆ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಾಟದ ಹೊರತು ಬೇರೇನೂ ಕೇಳಿಸುವುದಿಲ್ಲ. ನಾವು ಹೋದಾಗ ಚಳಿಯಿತ್ತು, ತೋಟದ ಹುಲ್ಲು ಒದ್ದೆಯಾಗಿತ್ತು, ಕಾವಲುಗಾರನೂ ಪಾರಿವಾಳಗಳೂ ಬಿಟ್ಟರೆ ಯಾರೂ ಇರಲಿಲ್ಲ.

1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಸಮಾಧಿ ಇದು. ಹೊರಗಿನಿಂದ ಅಳೆದರೆ ಸುಮಾರು 44 ಮೀಟರು ಅಡ್ಡಗಲವಿರುವ ಗುಮ್ಮಟದ ಅಡಿಯಲ್ಲಿ ಒಂದು ಕಂಬವೂ ಇಲ್ಲ. ಇದು ಹೇಗೆ ಸಾಧ್ಯವಾಯಿತೆಂದು ಕೇಳುವವರು ಗೋಡೆಯ ಮೇಲ್ಭಾಗವನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಬೇಕು: ಒಂದರ ಮೇಲೊಂದು ತಿರುಗಿಸಿ ಇಟ್ಟ ಎರಡು ಚೌಕಗಳ ಹಾಗೆ ಎಂಟು ಕಮಾನುಗಳು ಪರಸ್ಪರ ಕತ್ತರಿಸಿಕೊಂಡು ಮೇಲೇರುತ್ತವೆ, ಚೌಕಾಕಾರದ ಕೋಣೆಯನ್ನು ಹಂತಹಂತವಾಗಿ ವೃತ್ತಕ್ಕೆ ತರುತ್ತವೆ, ಗುಮ್ಮಟದ ಭಾರವನ್ನು ಒಳಮುಖವಾಗಿ ಎಳೆದು ದಪ್ಪ ಗೋಡೆಗಳಿಗೆ ಒಪ್ಪಿಸುತ್ತವೆ. ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏಳು ಅಂತಸ್ತು ಹತ್ತುವುದು ಮೊಣಕಾಲು ನೋವಿರುವವರಿಗೆ ಕಷ್ಟ. ತಂಗಿ ನಡುನಡುವೆ ಕಿಂಡಿಗಳ ಹತ್ತಿರ ನಿಂತು ಗಾಳಿ ತೆಗೆದುಕೊಂಡೇ ಹತ್ತಿದಳು. ಮೇಲೆ ಗ್ಯಾಲರಿಯ ಒಂದು ಬದಿಗೆ ಅವಳು ಕೂತಳು, ನಾನು ಸುತ್ತು ಹಾಕಿ ಎದುರು ಬದಿಗೆ ಹೋದೆ. ಅವಳು ಸೆರಗಿನಲ್ಲಿ ಬಾಯಿ ಮರೆಮಾಡಿ, ಗೋಡೆಗೆ ಮುಖವಿಟ್ಟು ಮಗಳ ಹೆಸರನ್ನು ಮೆಲ್ಲಗೆ ಹೇಳಿದ್ದು ನನ್ನ ಕಿವಿಯ ಪಕ್ಕದಲ್ಲೇ ಹೇಳಿದಷ್ಟು ಸ್ಪಷ್ಟವಾಗಿ ಕೇಳಿತು.

ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯವನ್ನು ಅವಸರದಲ್ಲಿ ಬಿಟ್ಟುಹೋಗಬಾರದು. ಶುಕ್ರವಾರ ಅದು ಮುಚ್ಚಿರುತ್ತದೆ, ಆದ್ದರಿಂದ ದಿನ ನೋಡಿಕೊಂಡು ಬರಬೇಕು. ಕನ್ನಡ ಶಾಸನಗಳೂ ಪಾರಸಿ ಶಾಸನಗಳೂ, ಜಿನಬಿಂಬಗಳೂ ವೀರಗಲ್ಲುಗಳೂ ಒಂದೇ ಚಾವಣಿಯಡಿ ಇರುವುದನ್ನು ಕಂಡರೆ ಈ ಊರು ಸುಲ್ತಾನರಿಂದಲೇ ಶುರುವಾದದ್ದಲ್ಲ ಎಂಬುದು ಯಾರೂ ಹೇಳದೆ ತಿಳಿಯುತ್ತದೆ. ಕಲ್ಯಾಣದ ಚಾಲುಕ್ಯರ ಕಾಲಕ್ಕೇ ವಿಜಯಪುರ ಎಂಬ ಹೆಸರು ಇತ್ತು. ಬಹುಕಾಲ ಬಿಜಾಪುರವಾಗಿದ್ದ ಊರು 2014ರ ನವೆಂಬರ್ 1ರಂದು ಸರಕಾರದ ಕಾಗದಗಳಲ್ಲಿ ಮತ್ತೆ ಆ ಹೆಸರಿಗೆ ಮರಳಿತು.

ಅಲ್ಲಿಂದ ಟಾಂಗಾ ಹಿಡಿದೆವು. ವಿಜಯಪುರದಲ್ಲಿ ಇನ್ನೂ ಟಾಂಗಾಗಳು ಉಳಿದಿವೆ, ಆದರೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಹತ್ತುವ ಮೊದಲೇ ಎಲ್ಲೆಲ್ಲಿ ನಿಲ್ಲಿಸಬೇಕೆಂದು ಹೇಳಿ ಬಾಡಿಗೆ ಮಾತಾಡಿಕೊಂಡರೆ ಇಬ್ಬರಿಗೂ ಹಿತ. ಜುಮ್ಮಾ ಮಸೀದಿಯ ಒಳಗೆ ಕಾಲಿಟ್ಟಾಗ ಹೊರಗಿನ ಬಜಾರಿನ ಗದ್ದಲ ಒಮ್ಮೆಗೇ ದೂರವಾಯಿತು. 1565ರ ತಾಳಿಕೋಟೆ ಯುದ್ಧದ ನಂತರ ಮೊದಲನೆಯ ಅಲಿ ಆದಿಲಶಾಹ ಇದನ್ನು ಶುರುಮಾಡಿಸಿದ. ಆ ಯುದ್ಧದಲ್ಲಿ ನಮ್ಮ ಇನ್ನೊಂದು ವಿಜಯನಗರ ಹಾಳಾಯಿತೆಂಬುದನ್ನು ಅಲ್ಲಿ ನಿಂತು ನೆನೆಯದಿರಲು ಆಗುವುದಿಲ್ಲ. ನೆಲದ ಮೇಲೆ ನಮಾಜಿಗೆಂದು ಗುರುತಿಸಿದ ಚೌಕಗಳು 2250. ಅವು ಔರಂಗಜೇಬನ ಕಾಲದವು.

ಗಗನಮಹಲಿನ ಮಧ್ಯದ ದೊಡ್ಡ ಕಮಾನಿನ ಅಡಿಯಲ್ಲಿ ಟಾಂಗಾದವರು ತಾವೇ ಇಳಿದು ಬಂದು ಕಥೆ ಹೇಳಿದರು. 1561ರಲ್ಲಿ ಕಟ್ಟಿದ ಈ ದರ್ಬಾರಿನಲ್ಲಿಯೇ 1686ರಲ್ಲಿ ಕೊನೆಯ ಸುಲ್ತಾನ ಸಿಕಂದರನನ್ನು ಔರಂಗಜೇಬನ ಮುಂದೆ ಬೆಳ್ಳಿಯ ಸರಪಳಿ ಹಾಕಿ ನಿಲ್ಲಿಸಿದರೆಂಬುದು ಅವರ ಮನೆಯಲ್ಲಿ ಅಜ್ಜನಿಂದ ಬಂದ ಮಾತು. ಅಸಾರ ಮಹಲನ್ನು ಕೆರೆಯ ದಂಡೆಯಿಂದಲೇ ನೋಡಿದೆವು. ಮಹಮ್ಮದ ಆದಿಲಶಾಹ 1646ರಲ್ಲಿ ನ್ಯಾಯದಾನಕ್ಕೆಂದು ಕಟ್ಟಿಸಿದ ಈ ಮಹಲಿನಲ್ಲಿ ಮುಂದೆ ಪ್ರವಾದಿಯವರ ಕೂದಲಿನ ಪವಿತ್ರ ಅವಶೇಷವನ್ನು ಇರಿಸಿದರು. ಒಳಗೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ.

ಮಧ್ಯಾಹ್ನ ಬಿಸಿಲು ಚುರುಕಾಗಿತ್ತು. ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಯಲ್ಲಿ ಮಿರ್ಚಿ ಭಜಿ, ಚುರುಮುರಿ ತಿನ್ನುತ್ತ ಕೂತಾಗ, ಪಕ್ಕದ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ ನಿವೃತ್ತ ಮಾಸ್ತರರು ನಾವು ಎಲ್ಲಿಯವರೆಂದು ವಿಚಾರಿಸಿದರು. ಬೆಳಗಾವಿ ಜಿಲ್ಲೆಯವರು ಎಂದ ಕೂಡಲೇ ಅವರಿಗೆ ಫ.ಗು. ಹಳಕಟ್ಟಿಯವರು ನೆನಪಾದರು. ‘ವಚನಗಳ ಮೊದಲ್ನೇ ಪುಸ್ತಕ ಅಚ್ಚಾಗಿದ್ದು ನಿಮ್ಮ ಬೆಳಗಾವ್ಯಾಗರಿ. ಆಮ್ಯಾಲ ಮನಿ ಮಾರಿ ಇಲ್ಲೇ ಪ್ರೆಸ್ ಹಾಕಿದ್ರು’ ಎಂದು ಅವರು ಹೇಳಿದ ರೀತಿಯಲ್ಲಿ ಅದು ನಿನ್ನೆ ಮೊನ್ನೆಯ ಸಂಗತಿಯಾಗಿತ್ತು. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲಿ ಮಾಡಿದ ಹಳಕಟ್ಟಿಯವರು ಹಳ್ಳಿಹಳ್ಳಿ ತಿರುಗಿ, ಮನೆಗಳ ಜಂತಿಯ ಮೇಲೂ ಪೂಜೆಯ ಗೂಡುಗಳಲ್ಲೂ ಇದ್ದ ತಾಳೆಗರಿಗಳನ್ನು ಬೇಡಿ ತಂದು, ಓದಿ, ನಕಲು ಮಾಡಿ 1923ರಲ್ಲಿ ಮೊದಲ ಸಂಪುಟ ಹೊರತಂದರು. 1926ರಲ್ಲಿ ಶಿವಾನುಭವ ಪತ್ರಿಕೆ ಶುರುಮಾಡಿದರು. ಇಂದು ಈ ಊರಿನಲ್ಲಿ ಕಾಲೇಜುಗಳನ್ನೂ ಆಸ್ಪತ್ರೆಯನ್ನೂ ನಡೆಸುವ ಬಿ.ಎಲ್.ಡಿ.ಇ. ಸಂಸ್ಥೆ 1910ರಲ್ಲಿ ಹುಟ್ಟಿದ್ದರ ಹಿಂದೆಯೂ ಅವರಿದ್ದರು. ಗುಮ್ಮಟಗಳನ್ನು ಕಟ್ಟಿದವರ ಹೆಸರು ಪ್ರವಾಸಿಗಳ ಬಾಯಲ್ಲಿದೆ, ಮನೆ ಮಾರಿ ಪುಸ್ತಕ ಅಚ್ಚು ಹಾಕಿದವರ ಹೆಸರೂ ಅಷ್ಟೇ ಗಟ್ಟಿಯಾಗಿ ಕೇಳಿಬರಬೇಕೆಂಬ ಆಸೆ ನನ್ನದು. ಅಕ್ಕಮಹಾದೇವಿಯ ವಚನಗಳು ಇಂದು ತರಗತಿಯಲ್ಲಿ ಪಠ್ಯವಾಗಿ ಸಿಗುವುದರಲ್ಲಿ ಆ ದುಡಿಮೆಯ ಪಾಲು ದೊಡ್ಡದು.

ರವಿವಾರ

ರಜೆಯಾದ್ದರಿಂದ ಮಗಳು ಹಾಸ್ಟೆಲಿನಿಂದ ಗೆಳತಿಯೊಬ್ಬಳನ್ನು ಕರೆದುಕೊಂಡು ಬೆಳಗ್ಗೆಯೇ ಬಂದಳು. ಗೆಳತಿ ಸಿಂದಗಿ ತಾಲ್ಲೂಕಿನ ಹಳ್ಳಿಯವಳು, ಮಹಿಳಾ ಅಧ್ಯಯನ ವಿಭಾಗದಲ್ಲಿ ಓದುತ್ತಾಳೆ. ಆ ದಿನದ ದಾರಿಯನ್ನು ಅವರಿಬ್ಬರೇ ಗೊತ್ತುಮಾಡಿದ್ದರು: ತಾಜಬಾವಡಿ, ಇಬ್ರಾಹಿಂ ರೋಜಾ, ಅಲ್ಲಿಂದ ಅಥಣಿ ರಸ್ತೆ ಹಿಡಿದು ತೊರವಿ. ಇದೇ ಅನುಕ್ರಮವನ್ನು ನಾನು ಬೇರೆಯವರಿಗೂ ಹೇಳುತ್ತೇನೆ, ಏಕೆಂದರೆ ಮೂರೂ ಊರಿನ ಪಶ್ಚಿಮ ಭಾಗದ ಒಂದೇ ದಾರಿಗೆ ಬರುತ್ತವೆ, ತಿರುಗಿ ಬರುವ ಕೆಲಸವಿಲ್ಲ.

ತಾಜಬಾವಡಿಯನ್ನು ಇಬ್ರಾಹಿಂ ಆದಿಲಶಾಹನ ರಾಣಿ ತಾಜ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಕಟ್ಟಿಸಲಾಯಿತು. ದೊಡ್ಡ ಕಮಾನಿನ ಬಾಗಿಲು ದಾಟಿ ಮೆಟ್ಟಿಲ ಬಳಿ ನಿಂತರೆ ಬಾವಿ ಎನ್ನುವುದಕ್ಕಿಂತ ಕೆರೆ ಎನ್ನಬೇಕು ಅನ್ನಿಸುವಷ್ಟು ವಿಸ್ತಾರ. ಬಹುಕಾಲ ಕಸದಿಂದ ತುಂಬಿದ್ದ ಇದನ್ನು ಇತ್ತೀಚಿನ ವರ್ಷಗಳಲ್ಲಿ ಹೂಳೆತ್ತಿ ಹಸನು ಮಾಡಿದ್ದಾರೆ. ಮಗಳು ಅಲ್ಲಿ ಚಾಂದಬೀಬಿಯ ಮಾತು ತೆಗೆದಳು. ಊರಿನ ಮತ್ತೊಂದು ಬಾವಡಿ, 1579ರ ಚಾಂದಬಾವಡಿ, ಅವಳ ಹೆಸರಿನದು. ಮರುವರ್ಷ ಗಂಡ ಮೊದಲನೆಯ ಅಲಿ ತೀರಿಕೊಂಡಾಗ, ಇನ್ನೂ ಬಾಲಕನಾಗಿದ್ದ ಇಬ್ರಾಹಿಮನ ಪರವಾಗಿ ರಾಜ್ಯಭಾರ ನೋಡಿದವಳು ಅವಳೇ. ಮುಂದೆ ತವರುಮನೆ ಅಹಮದನಗರದ ಕೋಟೆಯನ್ನು ಮೊಗಲರ ಸೈನ್ಯದ ಎದುರು ನಿಂತು ಕಾಯ್ದವಳೂ ಅವಳೇ. ‘ದೊಡ್ಡವ್ವ, ಊರಾಗ ಎಲ್ಲಾ ಸುಲ್ತಾನರ ಕಥಿನ ಹೇಳ್ತಾರ, ಆ ಸುಲ್ತಾನನ್ನ ಜ್ವಾಪಾನ ಮಾಡಿದಾಕಿ ಕಥಿ ಯಾರೂ ಹೇಳಂಗಿಲ್ಲ’ ಎಂದು ಗೆಳತಿಯೇ ನನ್ನನ್ನು ದೊಡ್ಡವ್ವ ಎಂದು ಕರೆದು ಹೇಳಿದಳು.

ಇಬ್ರಾಹಿಂ ರೋಜಾದಲ್ಲಿ ನಾವು ಬಹಳ ಹೊತ್ತು ಉಳಿದೆವು. 1627ರಲ್ಲಿ ಪೂರ್ತಿಯಾದ ಇದರ ಕೆಲಸದ ಮೇಲುಸ್ತುವಾರಿ ನೋಡಿದವನು ಮಲಿಕ್ ಸಂದಲ್. ಗೋಳಗುಮ್ಮಟದಲ್ಲಿ ಕಣ್ಣು ಮೇಲಕ್ಕೆ ಹೋಗುತ್ತದೆ, ಇಲ್ಲಿ ಗೋಡೆಯ ಹತ್ತಿರಕ್ಕೆ ಬರುತ್ತದೆ. ಕಿಟಕಿಯ ಜಾಲಂದ್ರವನ್ನು ಒಂದು ಗೇಣು ದೂರದಲ್ಲಿ ನಿಂತು ನೋಡಿದೆ: ಹೂಬಳ್ಳಿಯೆಂದುಕೊಂಡದ್ದು ಅಕ್ಷರವಾಗಿತ್ತು. ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಕೆಳಗೆ ಹಾಯ್ದು ಮೇಲೇಳುತ್ತದೆ, ನಡುವಿನ ಕಲ್ಲನ್ನು ಪೂರಾ ಕೊರೆದು ತೆಗೆದಿರುವುದರಿಂದ ಆ ಸಾಲುಗಳ ನಡುವಿನಿಂದಲೇ ಒಳಕೋಣೆಗೆ ಬೆಳಕು ಹೋಗುತ್ತದೆ. ಅಂಚುಗಳ ಮೇಲೆ ಬೆರಳಾಡಿಸಿದರೆ ಒಂದು ಕಡೆಯೂ ಚೂರು ಹಾರಿದ ಒರಟುತನ ಕೈಗೆ ಹತ್ತುವುದಿಲ್ಲ. ಒಳಗಿನ ಚಪ್ಪಟೆ ಕಲ್ಲಿನ ಚಾವಣಿ ಯಾವ ಆಸರೆಯೂ ಇಲ್ಲದೆ ನಿಂತಂತೆ ತೋರುತ್ತದೆ. ಸಂಗೀತವನ್ನು ಪ್ರಾಣದಂತೆ ಪ್ರೀತಿಸಿದ, ತನ್ನ ದಖನಿ ಹಾಡುಗಳನ್ನು ಸರಸ್ವತಿ ಗಣಪತಿಯರ ಸ್ತುತಿಯಿಂದ ತುಂಬಿದ, ಜನರಿಂದ ಜಗದ್ಗುರು ಎನಿಸಿಕೊಂಡ ಅರಸನೊಬ್ಬನ ಸಮಾಧಿ ಇಷ್ಟು ನಾಜೂಕಾಗಿರುವುದು ಸಹಜವೇ.

ಇಬ್ರಾಹಿಮನ ಕನಸಿನ ಊರು ಇದ್ದದ್ದು ತೊರವಿಯ ಕಡೆಗೆ. ಅಲ್ಲಿಗೆ ಹೊರಟ ನಮ್ಮ ಆಟೊದ ಹಿಂದಿನ ಗಾಲಿ ಊರು ದಾಟಿ ಸ್ವಲ್ಪ ದೂರದಲ್ಲೇ ಪಂಕ್ಚರಾಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಚಾಲಕ ಹುಡುಗ ಬಹಳ ನೊಂದುಕೊಂಡು, ‘ತಡೀರಿ ಅಕ್ಕಾರ, ಗಾಳಿ ಹಾಕಿಸ್ಕೊಂಡು ಬಂದ್ಬಿಡ್ತೀನಿ’ ಎಂದು ಗಾಲಿ ಹೊತ್ತುಕೊಂಡು ಬೇರೊಬ್ಬರ ಬೈಕಿನ ಹಿಂದೆ ಹೋದ. ರಸ್ತೆಯ ಪಕ್ಕದ ಬೇವಿನ ನೆರಳಿಗೆ ಸರಿದೆವು. ಬದುವಿನ ಮೇಲೆ ಕುಳ್ಳಿನ ಹೊಗೆ ಏಳುತ್ತಿತ್ತು. ಹೊಲದ ಯಜಮಾನರು ಎಳೆಯ ಜೋಳದ ತೆನೆಗಳನ್ನು ಕೆಂಡದಲ್ಲಿ ಸುಡುತ್ತಿದ್ದರು. ನಮ್ಮನ್ನು ಕಂಡವರೇ, ‘ಬರ್ರಿ ತಾಯಿ, ಸೀತನಿ ದಿನದಾಗ ಹೊಲದ ಮುಂದ ನಿಂತವರು ಬರಿಗೈಲೆ ಹೋಗಬಾರದು’ ಎಂದು ಕರೆದರು. ಬಿಸಿ ತೆನೆಯನ್ನು ಕಂಬಳಿಯ ಮೇಲೆ ಬಡಿದು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಬೊಗಸೆಗೆ ಹಾಕಿದರು. ಜೊತೆಗೆ ಶೇಂಗಾ ಹಿಂಡಿ, ಒಂದು ಚೂರು ಬೆಲ್ಲ. ಹಾಲುಗಾಳಿನ ಸಿಹಿಯೂ ಸುಟ್ಟ ವಾಸನೆಯೂ ಕೂಡಿದ ಆ ರುಚಿಗೆ ಹಿಂಡಿಯ ಖಾರ ಸರಿಯಾಗಿ ಹೊಂದಿಕೊಂಡಿತು. ಜನವರಿಯಲ್ಲಿ ಈ ಕಡೆ ಬರುವವರು ಯಾರಾದರೂ ಪರಿಚಯದವರ ಹೊಲಕ್ಕೆ ಹೋಗಿ ಸೀತನಿ ತಿನ್ನದೆ ಮರಳಬಾರದು.

ಯಜಮಾನರ ಮೊಮ್ಮಗಳು ಪಿ.ಯು.ಸಿ. ಓದುತ್ತಿದ್ದಾಳೆ. ಇಬ್ಬರು ಹುಡುಗಿಯರನ್ನೂ ಅವರು ಕೂಡಿಸಿಕೊಂಡು ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲ್ ಹೇಗಿದೆ, ಊಟ ಹೇಗಿದೆ, ರಾತ್ರಿ ಕಾವಲು ಇದೆಯೇ ಎಂದು ಒಂದೊಂದಾಗಿ ಕೇಳಿದರು. ತಂಗಿ ಮಾತಾಡದೆ ಆ ಉತ್ತರಗಳನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ನೀರಿನ ಮಾತು ಬಂದಾಗ ಯಜಮಾನರು ಆದಿಲಶಾಹಿ ಕಾಲದ ಸುರಂಗಬಾವಿಯ ವಿಚಾರ ಹೇಳಿದರು. ತೊರವಿಯ ಕಡೆಯಿಂದ ನೆಲದಡಿ ಕಾಲುವೆ ಕೊರೆದು, ಗಾಳಿಗೂ ಹೂಳೆತ್ತುವುದಕ್ಕೂ ಅಲ್ಲಲ್ಲಿ ಬಾವಿ ತೋಡಿ, ಇಳಿಜಾರಿನ ಬಲದಿಂದಲೇ ಊರಿಗೆ ನೀರು ಹರಿಸಿದ್ದರು. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಈ ಸೀಮೆಯಲ್ಲಿ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ ಎಂದರು.

ಗಾಲಿ ಬಂತು, ತೊರವಿ ಸೇರಿದೆವು. ಲಕ್ಷ್ಮೀನರಸಿಂಹನ ಗುಡಿ ತಗ್ಗಿನಲ್ಲಿದೆ, ತಲೆ ಬಾಗಿಸಿ ಒಳಗೆ ಹೋಗಬೇಕು. ಈ ನರಸಿಂಹನನ್ನು ನಂಬಿದ ನರಹರಿ ಕುಮಾರ ವಾಲ್ಮೀಕಿಯೆಂದು ಹೆಸರಾಗಿ, ಕನ್ನಡಕ್ಕೆ ಭಾಮಿನಿ ಷಟ್ಪದಿಯಲ್ಲಿ ರಾಮಾಯಣವನ್ನು ಕೊಟ್ಟ. ಊರಿನ ಹೆಸರೇ ಆ ಕಾವ್ಯದ ಹೆಸರಾಯಿತು. ಮಗಳು ಎಂ.ಎ.ಯಲ್ಲಿ ಷಟ್ಪದಿ ಕಾವ್ಯಗಳನ್ನು ಓದುತ್ತಿರುವುದರಿಂದ ಅವಳಿಗೆ ಇದು ಪಾಠದ ಊರು. ಗರ್ಭಗುಡಿಯ ಮುಂದೆ ಕೂತು ಅವಳು ಕೆಲವು ಪದ್ಯಗಳನ್ನು ರಾಗವಾಗಿ ಓದಿದಾಗ, ಪೂಜೆಯವರು ಮಂಗಳಾರತಿಯ ತಟ್ಟೆ ಕೆಳಗಿಟ್ಟು ಕೇಳಿದರು.

ಸ್ವಲ್ಪ ದೂರದಲ್ಲಿ ಸಂಗೀತ ಮಹಲು. ನವರಸಪುರವೆಂಬ ಹೊಸ ನಗರವನ್ನು ಇಬ್ರಾಹಿಂ 1599ರಲ್ಲಿ ಇಲ್ಲಿ ಕಟ್ಟಲು ತೊಡಗಿದ, ಹಾಡುವವರನ್ನೂ ನುಡಿಸುವವರನ್ನೂ ಕರೆಸಿ ನೆಲೆಗೊಳಿಸುವುದು ಅವನ ಆಸೆಯಾಗಿತ್ತು. 1624ರಲ್ಲಿ ಅಹಮದನಗರದ ಸೇನಾನಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ಈಗ ಉಳಿದಿರುವುದು ಎತ್ತರದ ಕಮಾನು, ಒಡೆದ ಗಿಲಾವು, ಖಾಲಿ ಹೊಂಡ. ಮಹಲಿನ ಹಿಂಭಾಗದಲ್ಲಿ ಗಾಜಿನ ಚೂರುಗಳು ಬಿದ್ದಿದ್ದವು. ಇಂಥ ಜಾಗಕ್ಕೆ ಹಾಡಿನ ಉತ್ಸವದ ದಿನ ಬಿಟ್ಟು ಉಳಿದ ದಿನಗಳಲ್ಲೂ ಒಬ್ಬ ಕಾವಲುಗಾರ, ಒಂದು ಹಲಗೆ, ಕುಡಿಯುವ ನೀರು ಬೇಕು.

ಸೋಮವಾರ

ಬೆಳಗ್ಗೆ ವಿಶ್ವವಿದ್ಯಾಲಯಕ್ಕೆ ಹೋಗುವ ಬಸ್ಸಿನಲ್ಲಿ ನಾವಿಬ್ಬರು ನಿಂತೇ ಹೋದೆವು. ಸೀಟುಗಳೆಲ್ಲ ಹುಡುಗಿಯರಿಂದ ತುಂಬಿದ್ದವು: ಬುರ್ಖಾ ತೊಟ್ಟವರು, ಜಡೆಗೆ ಅಬ್ಬಲಿಗೆ ಮುಡಿದವರು, ಮಡಿಲಲ್ಲಿ ರೆಕಾರ್ಡ್ ಪುಸ್ತಕ ಹಿಡಿದು ಕೊನೆಯ ಗಳಿಗೆಯಲ್ಲಿ ಚಿತ್ರ ಬರೆಯುತ್ತಿದ್ದವರು. ಎದ್ದು ಜಾಗ ಕೊಡಲು ಬಂದವರನ್ನು ತಂಗಿಯೇ ತಡೆದು, ‘ಬರ್ಕೋ ಅವ್ವಾ, ನಾವು ನಿಲ್ತೀವಿ’ ಎಂದಳು.

2003ರಲ್ಲಿ ಸ್ಥಾಪನೆಯಾದ ಇದು ಕರ್ನಾಟಕದ ಮೊದಲ ಮಹಿಳಾ ವಿಶ್ವವಿದ್ಯಾಲಯ. ಉತ್ತರ ಕರ್ನಾಟಕದ ಜಿಲ್ಲೆಗಳ ಮಹಿಳಾ ಕಾಲೇಜುಗಳು ಇದರ ವ್ಯಾಪ್ತಿಗೆ ಬರುತ್ತವೆ. ತೊರವಿಯ ಜ್ಞಾನಶಕ್ತಿ ಆವರಣದಲ್ಲಿ ಸ್ನಾತಕೋತ್ತರ ವಿಭಾಗಗಳೂ ಸಂಶೋಧನೆಯೂ ನಡೆಯುತ್ತವೆ. 2017ರಲ್ಲಿ ಇದಕ್ಕೆ ಅಕ್ಕಮಹಾದೇವಿಯ ಹೆಸರು ಬಂತು. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯಿಂದ ಒಬ್ಬಳೇ ಕಲ್ಯಾಣಕ್ಕೆ ನಡೆದು ಬಂದು, ಅನುಭವಿಗಳ ಸಭೆಯಲ್ಲಿ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು ನಿಂತವಳ ಹೆಸರು, ಹಳ್ಳಿಯಿಂದ ಬ್ಯಾಗು ಹಿಡಿದು ಒಬ್ಬಳೇ ಬಸ್ಸಿಳಿಯುವ ಹುಡುಗಿಯರ ವಿಶ್ವವಿದ್ಯಾಲಯಕ್ಕೆ ಇರುವುದು ಎಷ್ಟು ಸರಿಯಾಗಿದೆ! ಬಸವಣ್ಣ ಹುಟ್ಟಿದ ಬಾಗೇವಾಡಿಯೂ ಇದೇ ಜಿಲ್ಲೆಯಲ್ಲಿದೆ.

ಆವರಣ ವಿಶಾಲವಾಗಿದೆ, ನೆಲ ಗಟ್ಟಿ, ಗಾಳಿ ಜೋರು. ಬೇವಿನ ಗಿಡಗಳು ಈಗೀಗ ನೆರಳು ಕೊಡತೊಡಗಿವೆ. ಕಟ್ಟಡದಿಂದ ಕಟ್ಟಡಕ್ಕೆ ಸಾಕಷ್ಟು ನಡೆಯಬೇಕಾದ್ದರಿಂದ ಬೇಸಿಗೆಯಲ್ಲಿ ಬರುವ ಪಾಲಕರು ಕೊಡೆಯನ್ನೂ ನೀರಿನ ಬಾಟಲಿಯನ್ನೂ ಜೊತೆಗೆ ತರುವುದು ಲೇಸು. ಕಚೇರಿಯ ಕೆಲಸವಿದ್ದರೆ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮುಗಿಸಿಕೊಳ್ಳಬೇಕು. ಕನ್ನಡ, ಇಂಗ್ಲಿಷ್, ಸಮಾಜಕಾರ್ಯ, ಪತ್ರಿಕೋದ್ಯಮದ ವಿಭಾಗಗಳ ಜೊತೆಗೆ ಜೈವಿಕ ತಂತ್ರಜ್ಞಾನ, ಗಣಕ ವಿಜ್ಞಾನ, ಆಹಾರ ಸಂಸ್ಕರಣೆ, ದೈಹಿಕ ಶಿಕ್ಷಣದ ವಿಭಾಗಗಳೂ ಇಲ್ಲಿವೆ. ಮೈದಾನದಲ್ಲಿ ಟ್ರ್ಯಾಕ್‌ಸೂಟ್ ತೊಟ್ಟ ಹುಡುಗಿಯರು ಓಡುತ್ತಿದ್ದರು. ಅವರಲ್ಲಿ ಒಬ್ಬಳು ನಿಂತು ಶೂಸಿನ ದಾರ ಕಟ್ಟಿಕೊಂಡು, ಮತ್ತೆ ಓಡಿ ಎಲ್ಲರನ್ನೂ ಹಿಂದೆ ಹಾಕಿದ್ದನ್ನು ತಂಗಿ ಕೈ ಹಣೆಗಿಟ್ಟು ನೋಡಿದಳು.

ಗ್ರಂಥಾಲಯದಲ್ಲಿ ಮಗಳು ತಾನು ದಿನಾ ಕೂಡುವ ಮೇಜನ್ನು ತೋರಿಸಿದಳು. ಮೇಜಿನ ಮೇಲೆ ಹಳಕಟ್ಟಿಯವರ ಕೆಲಸದ ಕುರಿತ ಪುಸ್ತಕ, ಕಾಲೇಜು ಅಧ್ಯಾಪಕರಾಗಲು ಬರೆಯುವ ಕೆ-ಸೆಟ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಅದರ ಅಂಚಿನಲ್ಲಿ ಅವಳು ಪೆನ್ಸಿಲಿನಲ್ಲಿ ಹಾಕಿದ ಗುರುತುಗಳು. ಅವಳ ಪ್ರಾಧ್ಯಾಪಕಿಯೊಬ್ಬರು ಹೊರಗೆ ಕಾರಿಡಾರಿನಲ್ಲಿ ಸಿಕ್ಕರು. ಅವರು ತಂಗಿಯ ಕೈ ಹಿಡಿದುಕೊಂಡು ಮಾತಾಡಿದರು: ‘ನಮ್ಮಲ್ಲಿಗೆ ಬರೋ ಎಷ್ಟೋ ಹುಡುಗ್ಯಾರ ಮನ್ಯಾಗ ಡಿಗ್ರಿ ಮುಗಿಸಿದವರು ಅವರೇ ಮೊದಲನೇದವರ್ರಿ. ಓದಿನ ನಡುವ ಲಗ್ನಾ ಮಾಡ್ತಾರ, ಒಂದಿಷ್ಟು ಮಂದಿ ತಿರುಗಿ ಬರೂದ ಇಲ್ಲ. ಬಂದು ಮುಗಿಸಿದವರು ತಮ್ಮ ಊರಾಗ ಇನ್ನ ಹತ್ತು ಮಂದಿಗೆ ದಾರಿ ಮಾಡ್ತಾರ.’ 2011ರ ಜನಗಣತಿಯಲ್ಲಿ ರಾಜ್ಯದ ಮಹಿಳೆಯರ ಸಾಕ್ಷರತೆ ಶೇ 68ರಷ್ಟಿದ್ದಾಗ ಈ ಜಿಲ್ಲೆಯದು ಶೇ 57ರ ಆಸುಪಾಸಿನಲ್ಲಿತ್ತು. ಈ ಅಂತರದ ಮುಂದೆ ನಿಂತು ನೋಡಿದಾಗ ಇಂಥ ವಿಶ್ವವಿದ್ಯಾಲಯ ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಅಲ್ಲದೆ ಇಲ್ಲಿಯೇ ಇರಬೇಕಾದ ಅಗತ್ಯ ತಿಳಿಯುತ್ತದೆ. ಹುಡುಗಿಯರಿಗೆ ಮಾತ್ರ ಎಂಬ ವಿಶ್ವವಿದ್ಯಾಲಯ ಈ ಕಾಲಕ್ಕೆ ಬೇಕೇ ಎಂದು ಕೇಳುವವರನ್ನು ನಾನು ಕಂಡಿದ್ದೇನೆ. ಅವರು ಹಿಂದಿನ ದಿನ ಹೊಲದ ಬದುವಿನಲ್ಲಿ ಅಜ್ಜ ಕೇಳಿದ ಪ್ರಶ್ನೆಗಳನ್ನು ಕೇಳಬೇಕಿತ್ತು. ಮನೆಯವರ ಅಂಜಿಕೆಗೆ ಇಲ್ಲಿ ಒಂದು ಉತ್ತರ ಸಿಗುತ್ತದೆ, ಆ ಉತ್ತರ ಸ್ವಲ್ಪ ಕಡಿಮೆಯಾದರೂ ಎಷ್ಟೋ ಹುಡುಗಿಯರ ಓದು ಪಿ.ಯು.ಸಿ.ಗೇ ನಿಂತುಹೋಗುತ್ತದೆ.

ಪ್ರಾಧ್ಯಾಪಕಿ ಮಾತಿನ ನಡುವೆ, ಮಗಳು ಸಂಶೋಧನೆಗೆ ಅರ್ಜಿ ಹಾಕಬೇಕೆಂದಿದ್ದಾಳೆ, ಉತ್ತರ ಕರ್ನಾಟಕದ ಮನೆಗಳಲ್ಲಿ ಉಳಿದಿರುವ ಹಸ್ತಪ್ರತಿಗಳನ್ನು ಹುಡುಕುವ ವಿಷಯ ಆರಿಸಿಕೊಂಡಿದ್ದಾಳೆ ಎಂದರು. ತಂಗಿಗೆ ಇದು ಹೊಸ ಸುದ್ದಿ. ಮಗಳು ತಲೆ ತಗ್ಗಿಸಿ ನಿಂತಿದ್ದಳು. ತಂಗಿ ಆಗ ಏನೂ ಹೇಳಲಿಲ್ಲ. ಹಾಸ್ಟೆಲಿನ ಮೆಸ್ಸಿನಲ್ಲಿ ಮಕ್ಕಳ ಜೊತೆ ರೊಟ್ಟಿ, ಬೇಳೆ ಪಲ್ಯ ಉಂಡು, ಊರಿನಿಂದ ತಂದ ಶೇಂಗಾ ಹೋಳಿಗೆಯ ಡಬ್ಬಿಯನ್ನು ಮಗಳ ಕೋಣೆಯ ಗೆಳತಿಯರಿಗೆಲ್ಲ ತಾನೇ ಹಂಚಿದಳು.

ಮಧ್ಯಾಹ್ನದ ಬಸ್ಸಿಗೆ ಮರಳಿ ಹೊರಟೆವು. ಪೇಟೆಯಲ್ಲಿ ಒಣದ್ರಾಕ್ಷಿ ಕೊಂಡೆವು. ಸೀಮೆಯ ದ್ರಾಕ್ಷಿ ಇಲ್ಲಿಯೇ ಒಣಗುವುದರಿಂದ ಇದಕ್ಕಿಂತ ಒಳ್ಳೆಯ ಮಾಲು ನಮ್ಮ ಕಡೆ ಸಿಗುವುದಿಲ್ಲ, ಆದರೆ ಹೊಸ ಮಾಲು ಬೇಕೆಂದರೆ ಬೇಸಿಗೆಯಲ್ಲಿ ಬರಬೇಕು. ಬಾಬಲೇಶ್ವರ ದಾಟುವವರೆಗೂ ತಂಗಿ ಕಿಟಕಿಯ ಕಡೆಗೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, ‘ಅಕ್ಕ, ಈ ಪಿಎಚ್.ಡಿ. ಅಂದ್ರ ಎಷ್ಟು ವರ್ಷರಿ?’ ಎಂದು ಕೇಳಿದಳು. ಕಡಿಮೆಯೆಂದರೆ ಮೂರು, ಹೆಚ್ಚೆಂದರೆ ಆರು ಎಂದೆ. ಅಷ್ಟೂ ವರ್ಷ ಹಾಸ್ಟೆಲಿನಲ್ಲಿ ಇರಲು ಕೊಡುತ್ತಾರೆಯೇ, ಶಿಷ್ಯವೇತನ ಎಷ್ಟು ಬರುತ್ತದೆ, ಹಸ್ತಪ್ರತಿ ಹುಡುಕಲು ಊರೂರು ತಿರುಗುವಾಗ ಅವಳ ಜೊತೆ ಯಾರು ಹೋಗಬೇಕು ಎಂದು ಒಂದರ ಮೇಲೊಂದು ಕೇಳಿದಳು. ಮೊದಲೆರಡಕ್ಕೆ ಅವಳ ಪ್ರಾಧ್ಯಾಪಕಿಯನ್ನೇ ಫೋನಿನಲ್ಲಿ ವಿಚಾರಿಸೋಣ ಎಂದೆ. ಮೂರನೆಯದಕ್ಕೆ, ನಾನು ಈಗ ನಿವೃತ್ತಳು, ನಾನೇ ಹೋಗುತ್ತೇನೆ ಎಂದೆ.